ಡಬ್ಬಿ ಎಂದು ಬರೆದ ಕೈ

ಮಳವಳ್ಳಿ
ಶನಿವಾರ, ಬೆಳಗಿನ ಶಾಲೆ ಬಿಟ್ಟ ಮೇಲೆ

ಶೋಭಾ,

ಪ್ರೀತಿಯ ಎಂದು ಶುರು ಮಾಡಿ ಎರಡು ಸಲ ಹೊಡೆದುಹಾಕಿದೆ. ಪ್ರೀತಿ ಕಡಿಮೆಯಾಗಿ ಅಲ್ಲ. ಕಾಗದ ಓದಿ ಮುಗಿಸಿದ ಮೇಲೆ ಆ ಪದ ನಿನಗೆ ನಾಟಕದಂತೆ ಕಾಣಬಾರದು ಎಂದು. ಅದಕ್ಕೆ ಬರೀ ಶೋಭಾ. ಸ್ಟಾಫ್ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ, ಕೂತು ಎನ್ನುವುದೂ ಪೂರ್ತಿ ನಿಜವಲ್ಲ. ಎರಡು ಸಾಲಿಗೊಮ್ಮೆ ಎದ್ದು ಕಿಟಕಿಯವರೆಗೆ ಹೋಗಿ ಬರುತ್ತಿದ್ದೇನೆ. ಆಯಾ ಸೋಮಮ್ಮ ಬಾಗಿಲು ಹಾಕಲು ಕಾಯುತ್ತಾ, "ಅದೇನ್ ಮಿಸ್ಸೇ, ಒಟ್ಟೆ ನೋವಾ?" ಎಂದು ಕೇಳಿದಳು. ಹೌದು ಎಂದೆ.

ಫೋನಿನಲ್ಲಿ ಹೇಳಬಹುದಿತ್ತು. ಈ ವಾರ ನೀನು ದಿನಕ್ಕೆ ಮೂರು ಸಲ ಫೋನ್ ಮಾಡಿದ್ದೀಯ. ಪ್ರೊಜೆಕ್ಟರ್ ಸಿಕ್ಕಿತೇ, ನಲವತ್ತು ಶಾಲೆಗಳ ಮೇಷ್ಟರುಗಳಿಗೆ ಕುರ್ಚಿ ಸಾಲುತ್ತದೆಯೇ, ಊಟಕ್ಕೆ ಮೊಸರನ್ನವೋ ಚಿತ್ರಾನ್ನವೋ ಎಂದೆಲ್ಲ ಮಾತಾಡಿದೆವು. ಪ್ರತಿ ಸಲ ಕೊನೆಗೆ ನೀನು "ಇನ್ನೇನೇ?" ಎಂದೆ. ನಾನು "ಏನಿಲ್ಲ ಕಣೇ" ಎಂದೆ. ನಿನ್ನ ದನಿ ಕೇಳಿದರೆ ನನ್ನ ಬಾಯಿಗೆ ಬರುವುದು ತಮಾಷೆ ಮಾತ್ರ. ಸುಳ್ಳನ್ನು ಬರವಣಿಗೆಯಲ್ಲಿ ಹೇಳಿದ್ದೆ, ನಿಜವನ್ನೂ ಬರವಣಿಗೆಯಲ್ಲೇ ಹೇಳಬೇಕು ಎಂದು ಈ ಕಾಗದ ಹಿಡಿದಿದ್ದೇನೆ.

ಸೋಮವಾರ ಮಂಡ್ಯದಲ್ಲಿ ನೀನು ನಮ್ಮ ಹೊಂಗೆಯ ಮೊದಲ ಆವೃತ್ತಿಯನ್ನು ಬಿಡುಗಡೆ ಮಾಡುತ್ತೀಯ. ಹಳ್ಳಿ ಶಾಲೆಯ ಮಕ್ಕಳು ಕನ್ನಡದಲ್ಲೇ ಕಂಪ್ಯೂಟರ್ ಪ್ರೋಗ್ರಾಂ ಬರೆಯಲಿ ಎಂದು ನಾವಿಬ್ಬರೂ ಐದು ವರ್ಷ ಕಟ್ಟಿದ ಭಾಷೆ. ನಮ್ಮ ನೀಲಿ ನೋಟ್‌ಬುಕ್ಕಿನ ಹದಿನೇಳನೇ ಪುಟವನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸಿ, "ಇದರ ಪದಗಳನ್ನು ಆರಿಸಿದ್ದು ನಾವಲ್ಲ, ಮಕ್ಕಳು" ಎಂದು ಹೇಳುತ್ತೀಯ. ಅಲ್ಲಿಂದಾಚೆಗೆ ಒಂದು ಪದವನ್ನೂ ಬದಲಾಯಿಸುವುದಿಲ್ಲ ಎಂದು ಎಲ್ಲರಿಗೂ ಮಾತು ಕೊಟ್ಟಿದ್ದೇವೆ. ಪಾಠದ ಪುಸ್ತಕ ಅಚ್ಚಿಗೆ ಹೋಗುತ್ತದೆ. ಆ ಹದಿನೇಳನೇ ಪುಟ ಸುಳ್ಳು, ಶೋಭಾ. ಬರೆದವಳು ನಾನು.

ಹೇಳಿಬಿಟ್ಟೆ. ಈಗ ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ. ಕ್ರಮವಾಗಿ ಹೋಗದಿದ್ದರೆ ನಡುವೆ ಎಲ್ಲಾದರೂ ತಪ್ಪಿಸಿಕೊಳ್ಳುವ ಜಾಣತನ ನನಗಿದೆ.

ಮಹದೇವಯ್ಯ ಮೇಷ್ಟ್ರ ಮನೆಯ ಮುಂದಿನ ಕೋಣೆ, ಭಾನುವಾರದ ಬೆಳಗುಗಳು. ರಿಟೈರಾದ ಗಣಿತದ ಮೇಷ್ಟ್ರು ನಮಗೆ ಕಾಫಿಯನ್ನೂ ಸಲಹೆಯನ್ನೂ ಸಮವಾಗಿ ಕೊಡುತ್ತಿದ್ದರು. 'ಆದರೆ', 'ಇಲ್ಲವಾದರೆ', 'ತೋರಿಸು', ಈ ಪದಗಳೆಲ್ಲ ಜಗಳವಿಲ್ಲದೆ ಸಿಕ್ಕವು. ಒಂದೇ ಒಂದು ಪದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಪ್ರೋಗ್ರಾಮಿನಲ್ಲಿ ಒಂದು ಬೆಲೆಗೆ ಹೆಸರಿಟ್ಟು ಇಟ್ಟುಕೊಳ್ಳುತ್ತೇವಲ್ಲ, ವಯಸ್ಸು ಹನ್ನೆರಡು, ಅಂಕ ಮೂವತ್ತೈದು ಎಂದು, ಆ ಸಾಲಿನ ಮೊದಲಿಗೆ ಯಾವ ಪದ ಇರಬೇಕು? ಮೇಷ್ಟ್ರು ಪಠ್ಯಪುಸ್ತಕದ 'ಚರಾಕ್ಷರ'ವೇ ಆಗಬೇಕೆಂದರು. ಅದನ್ನು ಟೈಪ್ ಮಾಡುವಷ್ಟರಲ್ಲಿ ಪೀರಿಯಡ್ ಮುಗಿಯುತ್ತದೆ ಸಾರ್ ಎಂದು ನೀನು ನಕ್ಕೆ. ನಿನ್ನ ಪದ 'ಇರಲಿ'. ಇರಲಿ ವಯಸ್ಸು = 12. ನನ್ನ ಪದ 'ಡಬ್ಬಿ'. ಡಬ್ಬಿ ವಯಸ್ಸು = 12.

"ಇರಲಿ ಅನ್ನೋದು ಬಸ್ಸಲ್ಲಿ ಯಾರಾದ್ರೂ ಕಾಲು ತುಳಿದಾಗ ಹೇಳೋ ಮಾತು" ಎಂದು ನಾನು ಆಡಿಕೊಂಡೆ. ನೀನು ಆಡಿಕೊಳ್ಳಲಿಲ್ಲ. ಮೇಷ್ಟ್ರ ಟೀಪಾಯಿಯ ಮೇಲೆ ಎರಡು ಲೋಟ ಇಟ್ಟು ವಿವರಿಸಿದೆ. "ಡಬ್ಬಿ ಅಂದ್ರೆ ಒಳಗಿರೋದನ್ನ ಯಾರೋ ಎತ್ಕೊಂಡು ಓದ್ರು ಅಂತ ಮಕ್ಳು ತಿಳ್ಕೋತವೆ ಕಣೇ. ಇಲ್ಲಿ ಯಾರೂ ಏನೂ ಎತ್ಕೊಂಡೋಗಲ್ಲ. ನೋಡಿ ಬರ್ಕೋತಾರೆ ಅಷ್ಟೆ." ಸಿಟ್ಟು ಬಂದರೆ ನಿನ್ನ ಮಾತಿನಲ್ಲಿ ನಿಮ್ಮೂರು ದುದ್ದ ಬಂದುಬಿಡುತ್ತದೆ. ನಿನ್ನ ಮಾತು ಸರಿ ಎಂದು ನನಗೆ ಅವತ್ತೇ ಅನ್ನಿಸಿತ್ತು. ಅದನ್ನು ಒಪ್ಪಿಕೊಳ್ಳಲು ಎರಡು ವರ್ಷ ಬೇಕಾಯಿತು.

ಆಮೇಲೆ ಮೇಷ್ಟ್ರು ಒಂದು ಮಾತು ಹೇಳಿದರು. ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆಗೇ ಸರಿಸುತ್ತಾ ಹೇಳಿದರು. "ಡಬ್ಬಿ ಚೆನ್ನಾಗೇನೋ ಇದೆ. ಆದ್ರೆ ನಮ್ಮ ಭಾಷೆ ಪದ ಆದ್ರೆ ಒಳ್ಳೇದಲ್ವೇನಮ್ಮ, ಸಿದ್ದೀಕಾ?"

ನಮ್ಮ ಅಬ್ಬಾನ ಅಂಗಡಿಗೆ ನೀನು ಬಂದಿದ್ದೀಯ. ಪಂಪ್‌ಸೆಟ್ಟಿನ ಮೋಟರು ರಿವೈಂಡಿಂಗ್ ಮಾಡುವ ಅಂಗಡಿ, ಗೋಡೆ ತುಂಬಾ ತಗಡಿನ ಡಬ್ಬಿಗಳು. ಬೇರಿಂಗು, ವಾಷರು, ಕೆಪಾಸಿಟರು, ಒಂದೊಂದಕ್ಕೂ ಹೆಸರಿನ ಚೀಟಿ. ಅಂಗಡಿಗೆ ಬರುವ ರೈತರೂ ಓದಲಿ ಎಂದು ಅಬ್ಬಾ ಆ ಚೀಟಿಗಳನ್ನು ಕನ್ನಡದಲ್ಲಿ ಬರೆಸಿದರು. ಬರೆದವಳು ನಾನು, ಮೂರನೇ ಕ್ಲಾಸಿನಲ್ಲಿ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಎಂದಿದ್ದ ನನಗೆ ಕನ್ನಡ ಮೊದಲ ಸಲ ಕೆಲಸಕ್ಕೆ ಬಂದದ್ದು ಆ ಡಬ್ಬಿಗಳ ಮೇಲೆ. ಆ ಪದ ಯಾರ ಭಾಷೆಯದು ಎಂದು ಅದುವರೆಗೆ ನಾನು ಯೋಚಿಸಿರಲಿಲ್ಲ. ಮೇಷ್ಟ್ರು 'ನಮ್ಮ' ಎಂದಾಗ ಆ ನಮ್ಮೊಳಗೆ ನಾನಿದ್ದೇನೋ ಇಲ್ಲವೋ ಎಂದು ನಿನ್ನ ಮುಖ ನೋಡಿದೆ. ನೀನು ಲ್ಯಾಪ್‌ಟಾಪ್ ನೋಡುತ್ತಿದ್ದೆ. ಏನೂ ಹೇಳಲಿಲ್ಲ. ನಿನಗೆ ಕೇಳಿಸಿರಲಿಲ್ಲವೇನೋ. ಕೇಳಿಸಿತ್ತೇ? ಎರಡು ವರ್ಷದಿಂದ ಈ ಪ್ರಶ್ನೆಯನ್ನು ನುಂಗಿಕೊಂಡಿದ್ದೇನೆ. ಇದು ನನ್ನ ಸುಳ್ಳಿಗೆ ಸಮಜಾಯಿಷಿಯಲ್ಲ. ಆದರೆ ಇದನ್ನು ಬಿಟ್ಟು ಬರೆದರೆ ಅದೂ ಒಂದು ಸುಳ್ಳಾಗುತ್ತದೆ.

ಜಗಳ ಮುಗಿಯದಾಗ ನೀನು ನಿನ್ನ ನಿಯಮ ತೆಗೆದೆ, ಹತ್ತು ಮಕ್ಕಳ ನಿಯಮ. ಪ್ರೋಗ್ರಾಮನ್ನೇ ಕಂಡಿರದ ಹತ್ತು ಮಕ್ಕಳಿಗೆ ಒಂದು ಪದ, ಬೇರೆ ಹತ್ತು ಮಕ್ಕಳಿಗೆ ಇನ್ನೊಂದು. ಎರಡು ಸಾಲು ತೋರಿಸಬೇಕು. ಡಬ್ಬಿ ಅ = 5. ಡಬ್ಬಿ ಬ = ಅ. ಈಗ ಅ ಎಷ್ಟು? ಐದು ಎಂದರೆ ಸರಿ. ಖಾಲಿ ಎಂದರೆ ತಪ್ಪು, ಆ ತಪ್ಪು ಮಗುವಿನದಲ್ಲ, ಪದದ್ದು. ಈ ಕೊನೆಯ ಮಾತನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನೀನೇ ಬರೆದಿದ್ದೀಯ.

ಅದೇ ವಾರ ನಿಮ್ಮವ್ವನ ಕಣ್ಣಿನ ಪೊರೆ ತೆಗೆಸಿದರು, ನೀನು ದುದ್ದದಲ್ಲಿ ಉಳಿದೆ. ಪರೀಕ್ಷೆ ನಾನೊಬ್ಬಳೇ ನಮ್ಮ ಶಾಲೆಯಲ್ಲಿ ಮಾಡಿದೆ. ನೋಟ್‌ಬುಕ್ಕಿನ ಹದಿನೇಳನೇ ಪುಟದಲ್ಲಿ ಎರಡು ಕಾಲಂ ಎಳೆದು ಸರಿ, ತಪ್ಪು ಗುರುತು ಹಾಕುತ್ತಾ ಹೋದೆ. ನನ್ನ ಡಬ್ಬಿ ನೋಡಿದವರಲ್ಲಿ ಆರು ಮಕ್ಕಳು ಖಾಲಿ ಎಂದರು. ನಿನ್ನ ಇರಲಿ ನೋಡಿದವರಲ್ಲಿ ಒಂದೇ ಮಗು. ಮಕ್ಕಳು ಹೋದ ಮೇಲೆ ನೋಡಿದರೆ ಕಾಲಂಗಳಿಗೆ ತಲೆಬರಹ ಹಾಕುವುದೇ ಬಾಕಿ ಇತ್ತು. ಒಂದು ಅಂಕಿಯನ್ನೂ ತಿದ್ದಲಿಲ್ಲ, ಶೋಭಾ. ಎರಡು ತಲೆಬರಹಗಳನ್ನು ಅದಲುಬದಲು ಬರೆದೆ. ಎಷ್ಟು ಹೊತ್ತು ಹಿಡಿಯುತ್ತದೆ ಅದಕ್ಕೆ? ಎಡಗಡೆ ಇರಲಿ, ಬಲಗಡೆ ಡಬ್ಬಿ. ಫೋಟೋ ತೆಗೆದು ನಿನಗೆ ಕಳಿಸಿದೆ.

ಸೋಮಮ್ಮ ಬೀಗ ಅಲ್ಲಾಡಿಸುತ್ತಿದ್ದಾಳೆ. ಏಳಬೇಕು.

ಮದ್ದೂರು
ಮಧ್ಯಾಹ್ನ

ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಮಂಡ್ಯದ ಬಸ್ಸು ನಿಂತಿತ್ತು, ಸೀಟೂ ಇತ್ತು. ನಾನು ಮದ್ದೂರಿನ ಬಸ್ಸು ಹತ್ತಿದೆ. ಇಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕಲ್ಲ, ಅಷ್ಟು ಹೊತ್ತಾದರೂ ಸಿಗಲಿ ಎಂದು. ಹೋಟೆಲಿನಲ್ಲಿ ವಡೆ ತರಿಸಿಕೊಂಡು ಪುಡಿ ಮಾಡುತ್ತಿದ್ದೇನೆ, ತಿನ್ನುತ್ತಿಲ್ಲ. ಎರಡು ಬಸ್ಸು ಹೋದವು.

ಆ ಫೋಟೋ ಕಳಿಸಿದ ಹತ್ತು ನಿಮಿಷಕ್ಕೆ ನೀನು ಫೋನ್ ಮಾಡಿದ್ದೆ. ನೀನು ವಾದ ಮಾಡುತ್ತೀಯ, ಇನ್ನೊಂದು ಸಲ ಪರೀಕ್ಷೆ ಮಾಡೋಣ ಎನ್ನುತ್ತೀಯ, ಆಗ ನೋಡಿಕೊಂಡರಾಯಿತು ಎಂದುಕೊಂಡಿದ್ದೆ. ನೀನು ನಕ್ಕುಬಿಟ್ಟೆ. "ಮಕ್ಳು ಹೇಳಿದ್ಮೇಲೆ ಮುಗೀತು ಬುಡು. ನಾನೇ ತಪ್ಪು ತಿಳ್ಕೊಂಡಿದ್ದೆ. ಡಬ್ಬೀನೇ ಇಡಾಣ." ಅಷ್ಟೇ. ಆಮೇಲೆ ನೀನು ನಿಮ್ಮವ್ವನ ಕಣ್ಣಿಗೆ ಹೊತ್ತು ಹೊತ್ತಿಗೆ ಡ್ರಾಪ್ಸ್ ಹಾಕುತ್ತಾ, ನಡುವೆ ಸಿಕ್ಕ ಬಿಡುವಿನಲ್ಲಿ, ನೂರ ನಲವತ್ತು ಪುಟದ ಪಾಠಗಳಲ್ಲಿ 'ಇರಲಿ' ಇದ್ದ ಕಡೆಯೆಲ್ಲ 'ಡಬ್ಬಿ' ಎಂದು ತಿದ್ದಿದೆ. ಚಿತ್ರಗಳನ್ನೂ ಹೊಸದಾಗಿ ಬರೆದೆ. ಅಷ್ಟು ಚೆಂದದ ಡಬ್ಬಿಗಳು, ಮುಚ್ಚಳದ ಮೇಲೆ ಹೆಸರಿನ ಚೀಟಿ. ನೀನು ಅಬ್ಬಾನ ಅಂಗಡಿಯನ್ನು ನೆನಪಿಟ್ಟುಕೊಂಡು ಬರೆದಿದ್ದೆ. ಅದನ್ನು ನೋಡಿ ನಾನು ಅತ್ತೆ. ಖುಷಿಗೆ ಅಳುತ್ತಿದ್ದೇನೆ ಎಂದು ನೀನು ತಿಳಿದುಕೊಂಡೆ.

ಅವತ್ತೇ ಹೇಳಬಹುದಿತ್ತು. ಅವತ್ತು ಹೇಳಿದ್ದರೆ ಒಂದು ಬೈಗುಳಕ್ಕೆ ಮುಗಿಯುತ್ತಿತ್ತು. ನೀನು ಬೈದು, ನಾನು ಮುನಿಸಿಕೊಂಡು, ವಾರದೊಳಗೆ ಸರಿಹೋಗುತ್ತಿದ್ದೆವು.

ಆ ಪದವನ್ನೇ ಹಿಡಿದು ಕಲಿಸತೊಡಗಿದೆ. ಸ್ವಲ್ಪ ದಿನಕ್ಕೆ ಮಕ್ಕಳ ಪ್ರೋಗ್ರಾಮುಗಳಲ್ಲಿ ಒಂದು ವಿಚಿತ್ರ ಕಾಣಿಸಿಕೊಂಡಿತು. ಅ ಅನ್ನು ಬ ಗೆ ಕೊಟ್ಟ ತಕ್ಷಣ ಮಕ್ಕಳು ಇನ್ನೊಂದು ಸಾಲು ಸೇರಿಸುತ್ತಿದ್ದರು, ಮತ್ತೆ ಅ = 5 ಎಂದು. ಖಾಲಿಯಾದ ಡಬ್ಬಿಯನ್ನು ಮತ್ತೆ ತುಂಬುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ. ಕ್ಲಾಸಿನ ಅರ್ಧಕ್ಕರ್ಧ ಮಕ್ಕಳು ಹಾಗೆ ಬರೆಯುತ್ತಿದ್ದರು. ಆ ಸಾಲು ಬೇಡ ಎಂದು ಕೆಂಪು ಇಂಕಿನಲ್ಲಿ ಹೊಡೆಯುತ್ತಾ ಹೋದೆ. ಒಂದೊಂದು ಸಲ ಹೊಡೆದಾಗಲೂ ಹದಿನೇಳನೇ ಪುಟ ಕಣ್ಣಿಗೆ ಬರುತ್ತಿತ್ತು. ನೀನು ಒಂದು ದಿನ, "ನಿಮ್ ಕಡೆ ಮಕ್ಳು ಯಾಕೆ ಒಂದು ಸಾಲು ಜಾಸ್ತಿ ಬರೀತಾರೆ?" ಎಂದು ಕೇಳಿದೆ. ಅಭ್ಯಾಸ ಸಾಲದು ಎಂದೆ. ಇದು ಎರಡನೆಯ ಸುಳ್ಳು. ಮೊದಲನೆಯದಕ್ಕಿಂತ ಇದು ಸುಲಭವಾಗಿ ಬಂತು.

ಜಾಕಿಯಾಳ ವಿಷಯ ನಿನಗೆ ಹೇಳಿಲ್ಲ. ಒಂಬತ್ತನೇ ಕ್ಲಾಸು. ಅಬ್ಬಾನ ಅಂಗಡಿಯ ಪಕ್ಕದಲ್ಲೇ ಅವರಪ್ಪನದು ಬೈಕ್ ರಿಪೇರಿ. ಪ್ರಶ್ನೆ ಕೇಳಿದರೆ ಉತ್ತರಕ್ಕೆ ಮೊದಲು ಇನ್ನೊಂದು ಪ್ರಶ್ನೆ ಕೇಳುವ ಹುಡುಗಿ. ಅವಳನ್ನು ಕಂಡರೆ ನನಗೆ ನನ್ನನ್ನೇ ಕಂಡಂತೆ. ನಾಲ್ಕು ಹೆಸರು, ನಾಲ್ಕು ಬೆಲೆ ಇರುವ ಒಂದು ಲೆಕ್ಕದಲ್ಲಿ ಅವಳು ಡಬ್ಬಿಗಳನ್ನು ತುಂಬಿಸುತ್ತಾ ತುಂಬಿಸುತ್ತಾ ದಾರಿ ತಪ್ಪಿದಳು. ಕೊನೆಗೆ ಎದ್ದು ನಿಂತು ಕೇಳಿದಳು. "ನಮ್ಮಪ್ಪನ ಅಂಗಡೀಲಿ ಡಬ್ಬಿಯಿಂದ ಬೇರಿಂಗು ತೆಗೆದ್ರೆ ಡಬ್ಬಿ ಖಾಲಿ ಆಗ್ತದೆ ಮಿಸ್. ಇಲ್ಲಿ ಯಾಕೆ ಆಗಲ್ಲ?"

ಎಂಥ ಪ್ರಶ್ನೆ ಅದು, ಶೋಭಾ! ನಿನ್ನ ಎರಡು ಲೋಟದ ವಾದವನ್ನೇ ಆ ಮಗು ತನ್ನಷ್ಟಕ್ಕೆ ಕಂಡುಹಿಡಿದಿತ್ತು. ನೀನಾಗಿದ್ದರೆ ಅವಳನ್ನು ತಬ್ಬಿಕೊಳ್ಳುತ್ತಿದ್ದೆ. ಉತ್ತರ ಹೇಳಲು ಹೋದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ಅದಕ್ಕೆ ಗದರಿದೆ. "ಎಲ್ಲರಿಗೂ ಅರ್ಥ ಆಗಿದೆ, ನಿನಗೊಬ್ಬಳಿಗೆ ಯಾಕೆ ಆಗಲ್ಲ? ಗಮನ ಕೊಟ್ಟು ಕೂತ್ಕೋ." ಎಲ್ಲರಿಗೂ ಅರ್ಥವಾಗಿರಲಿಲ್ಲ. ಅರ್ಧ ಕ್ಲಾಸು ಅವಳ ಹಾಗೇ ಇತ್ತು, ಕೇಳುವ ಧೈರ್ಯ ಅವಳೊಬ್ಬಳಿಗೆ ಇತ್ತು. ಮಾರನೇ ವಾರದಿಂದ ಅವಳು ಕಂಪ್ಯೂಟರ್ ರೂಮಿಗೆ ಬರುವುದನ್ನು ಬಿಟ್ಟಳು. ವರಾಂಡದಲ್ಲಿ ಸಿಕ್ಕಾಗ ನೆಲ ನೋಡುತ್ತಾ, "ನಂಗೆ ಅದಕ್ಕೆಲ್ಲ ತಲೆ ಇಲ್ಲ ಮಿಸ್" ಎಂದಳು.

ತಪ್ಪು ಮಗುವಿನದಲ್ಲ, ಪದದ್ದು ಎಂದು ನೀನು ಬರೆದದ್ದನ್ನು ನಾನು ಪೂರ್ತಿ ತಿರುಗಿಸಿ ಹಾಕಿದ್ದೆ. ಸೋಮವಾರದ ನಂತರ ನಲವತ್ತು ಶಾಲೆಗಳಲ್ಲಿ ಎಷ್ಟು ಜಾಕಿಯಾಗಳು ನೆಲ ನೋಡುತ್ತಾರೋ. ಆ ಪುಸ್ತಕದ ಮೇಲೆ ನನ್ನ ಹೆಸರಿಗಿಂತ ಮೊದಲು ನಿನ್ನ ಹೆಸರಿದೆ.

ಮೂರನೇ ಬಸ್ಸು ಬಂತು. ಇದನ್ನೂ ಬಿಟ್ಟರೆ ನಾನು ಮಳವಳ್ಳಿಗೆ ವಾಪಸ್ಸು ಹೋಗಿಬಿಡುತ್ತೇನೆ ಎಂದು ಭಯವಾಗುತ್ತಿದೆ.

ಮಂಡ್ಯ
ಸಂಜೆ, ನಿನ್ನ ಮನೆಯ ಹತ್ತಿರ

ನಿಮ್ಮ ಬೀದಿಯ ಕೊನೆಯ ಪಾರ್ಕಿನ ಕಲ್ಲುಬೆಂಚಿನ ಮೇಲಿದ್ದೇನೆ. ಬೆಂಚು ಇದು ಮೂರನೆಯದು. ಮೊದಲೆರಡರಿಂದ ನಿನ್ನ ಗೇಟು ಕಾಣುತ್ತಿತ್ತು, ಎದ್ದು ಬಂದೆ.

ಇನ್ನೊಂದು ಕೆಲಸ ನಿನಗೆ ಗೊತ್ತಿಲ್ಲದೆ ಮಾಡಿದ್ದೇನೆ. ಪರೀಕ್ಷೆಯನ್ನು ಮತ್ತೆ ಮಾಡೋಣ ಎಂದರೆ ನಮ್ಮ ಶಾಲೆಯಲ್ಲಿ ಅದಾಗುವುದಿಲ್ಲ. ಅಲ್ಲಿ ನನ್ನ ಡಬ್ಬಿ ಕಂಡಿರದ ಮಗುವೇ ಇಲ್ಲ. ಹೋದ ಭಾನುವಾರ ದುದ್ದಕ್ಕೆ ಹೋದೆ. ನಿಮ್ಮಣ್ಣ ರೇವಣ್ಣನ ಮನೆಯ ಜಗಲಿಯ ಮೇಲೆ ಇಪ್ಪತ್ತು ಮಕ್ಕಳನ್ನು ಕೂರಿಸಿ, ಈ ಸಲ ತಲೆಬರಹಗಳನ್ನು ಮೊದಲೇ ಬರೆದು, ಒಬ್ಬೊಬ್ಬರನ್ನೇ ಕರೆದು ಕೇಳಿದೆ. ಡಬ್ಬಿಗೆ ಏಳು ಮಕ್ಕಳು ಖಾಲಿ ಎಂದರು. ಇರಲಿಗೆ ಇಬ್ಬರು. ಒಂದು ಹುಡುಗಿ ಮಾತ್ರ, "ಇರಲಿ ಅಂತ ಯೋಳ್ದೋರು ಯಾರು?" ಎಂದು ಕೇಳಿದಳು. ಶೋಭಾ ಮಿಸ್ಸು ಎಂದೆ.

ನಿಮ್ಮವ್ವ ದೊಡ್ಡತಾಯಮ್ಮ ಕಂಬಕ್ಕೆ ಒರಗಿ ಎಲ್ಲವನ್ನೂ ನೋಡುತ್ತಿದ್ದರು. ಮಕ್ಕಳು ಓಡಿಹೋದ ಮೇಲೆ, "ಅದ್ಯಾಕವ್ವ ಸಿದ್ದೀಕಾ, ಮೊಕ ಇಂಗ್ ಬಾಡೋಗದೆ?" ಎಂದರು. ಪ್ರೋಗ್ರಾಂ, ಪದ ಎಂದೆಲ್ಲ ಹೇಳದೆ, ಶೋಭಾ ಗೆಲ್ಲಬೇಕಾಗಿದ್ದ ಕಡೆ ಸುಳ್ಳು ಬರೆದು ನಾನು ಗೆದ್ದೆ ಅವ್ವ ಎಂದೆ. ಅವರು ಸಮಾಧಾನ ಮಾಡುತ್ತಾರೆ ಎಂಬ ಆಸೆ ನನಗೆ ಇದ್ದೇ ಇತ್ತು. ಹೋಗಲಿ ಬಿಡು ಮಗ ಎನ್ನುತ್ತಾರೆ, ಅರ್ಧ ಭಾರ ಅಲ್ಲೇ ಇಳಿಸಿ ಬರಬಹುದು ಎಂದುಕೊಂಡಿದ್ದೆ.

"ನನ್ ಕಣ್ಗೆ ಬಟ್ಟೆ ಕಟ್ಟಿದ್ರಲ್ಲ, ಆವಾಗ್ಲಾ?" ಎಂದು ಕೇಳಿದರು. ಹೌದು ಎಂದೆ. "ಅವ್ಳು ನನ್ ಮಗ್ಗುಲಲ್ ಕೂತ್ಕಂಡು, ಸಿದ್ದೀಕಾ ಎಲ್ಲಾನೂ ನೋಡ್ಕತಾವ್ಳೆ ಅಂತಿದ್ಲು ಕಣವ್ವ" ಎಂದರು. ಆಮೇಲೆ ಎದ್ದು ಸೊಪ್ಪು ಸೋಸಲು ಮೊರ ತಂದರು. ನನ್ನ ಕಡೆ ನೋಡದೆಯೇ ಹೇಳಿದರು. "ನಂಗ್ಯಾಕ್ ಯೋಳೀಯೆ? ಓಗಿ ಅವ್ಳಿಗ್ಯೋಳು. ನಾ ಬಾಯ್ ಬುಡಾಕಿಲ್ಲ. ಅದು ನಿನ್ ಬಾಯಿಂದ್ಲೇ ಬರ್ಬೇಕು." ಊಟಕ್ಕೆ ಮಾತ್ರ ಬಿಡಲಿಲ್ಲ, ಎರಡನೇ ಮುದ್ದೆಯನ್ನೂ ಹಾಕಿದರು.

ಅಷ್ಟಾದರೂ ಸೋಮವಾರದಿಂದ ಗುರುವಾರದವರೆಗೆ ನಿನ್ನ ಜೊತೆ ಮೊಸರನ್ನದ ಮಾತಾಡಿದೆ. ನನ್ನ ಮೇಲೆ ನನಗೇ ಹೇಸಿಗೆ ಹುಟ್ಟಿತು. ನಿನ್ನೆ ಶಾಲೆ ಬಿಟ್ಟ ಮೇಲೆ ಜಾಕಿಯಾಳ ಮನೆಗೆ ಹೋದೆ. ಅವಳಜ್ಜಿ ರಹೀಮುನ್ನೀಸಾ ಚಹಾ ತಂದಿಟ್ಟರು. ಅವರೆದುರಿಗೇ ಜಾಕಿಯಾಳಿಗೆ ಹೇಳಿದೆ. ನೀನು ಕೇಳಿದ ಪ್ರಶ್ನೆ ಸರಿ ಇತ್ತು, ನಿನ್ನ ತಲೆಯಲ್ಲಿ ಯಾವ ಕೊರತೆಯೂ ಇಲ್ಲ, ಆ ಪದ ನಿನ್ನನ್ನು ದಾರಿ ತಪ್ಪಿಸಿತು, ಆ ಪದವನ್ನು ಅಲ್ಲಿ ಇಟ್ಟವಳು ನಾನು, ಅದೂ ಮೋಸ ಮಾಡಿ. ಅಜ್ಜಿಗೆ ಏನೂ ಅರ್ಥವಾಗಲಿಲ್ಲ, ಸಕ್ಕರೆ ಸಾಕೇ ಎಂದು ಕೇಳಿದರು. ಹುಡುಗಿಗೆ ಅರ್ಥವಾಯಿತು. ಖುಷಿಪಡುತ್ತಾಳೆ, ನಾಳೆಯಿಂದ ಬರುತ್ತೇನೆ ಎನ್ನುತ್ತಾಳೆ ಎಂದು ಕಾದೆ. ಅವಳು ನನ್ನ ಮುಖವನ್ನೇ ನೋಡುತ್ತಾ ಕೇಳಿದಳು.

"ಶೋಭಾ ಮಿಸ್ಸಿಗೆ ಹೇಳಿದ್ರಾ?"

ನಾಳೆ ಹೇಳುತ್ತೇನೆ ಎಂದೆ. "ಹೇಳಿ ಮಿಸ್. ಆಮೇಲೆ ಬರ್ತೀನಿ" ಎಂದಳು. ಅದಕ್ಕೆ ಈ ಕಾಗದ.

ಈಗ ಮಾಡಿರುವುದನ್ನು ಹೇಳುತ್ತೇನೆ. ಹೊಂಗೆಯ ಎಲ್ಲ ಪಾಠಗಳಲ್ಲಿ, ಎಲ್ಲ ಕಡತಗಳಲ್ಲಿ, ಡಬ್ಬಿ ತೆಗೆದು ಇರಲಿ ಎಂದು ತಿದ್ದಿದ್ದೇನೆ. ನಿನ್ನಷ್ಟು ಚೆನ್ನಾಗಿ ಚಿತ್ರ ಬರೆಯಲು ನನಗೆ ಬರುವುದಿಲ್ಲ, ಆ ಜಾಗಗಳನ್ನು ಬಿಟ್ಟಿದ್ದೇನೆ. ಬದಲಾವಣೆಯ ಕಾರಣ ಎಂಬಲ್ಲಿ ಎಲ್ಲರಿಗೂ ಕಾಣುವಂತೆ, 'ಹದಿನೇಳನೇ ಪುಟದ ತಲೆಬರಹಗಳನ್ನು ಸಿದ್ದೀಕಾ ಬೇಕೆಂದೇ ಅದಲುಬದಲು ಮಾಡಿದ್ದಳು' ಎಂದು ಬರೆದಿದ್ದೇನೆ. ಒಬ್ಬರ ಬದಲಾವಣೆಯನ್ನು ಇನ್ನೊಬ್ಬರು ಒಪ್ಪಿದರೆ ಮಾತ್ರ ಅದು ಸೇರಬೇಕು ಎಂಬುದು ನಮ್ಮ ಪದ್ಧತಿ. ಹಾಗಾಗಿ ಅದು ನಿನ್ನ ಒಪ್ಪಿಗೆಗೆ ಕಾಯುತ್ತಿದೆ. ನಮ್ಮ ಶಾಲೆಯ ಹಳೆಯ ಹಾಳೆ, ದುದ್ದದ ಹೊಸ ಹಾಳೆ, ಎರಡೂ ಈ ಲಕೋಟೆಯಲ್ಲಿವೆ. ನನ್ನ ಮಾತಿನ ಮೇಲೆ ನಂಬಿಕೆ ಹೋಗಿದ್ದರೆ ನೀನೇ ಇನ್ನೂ ಇಪ್ಪತ್ತು ಮಕ್ಕಳನ್ನು ಕೇಳು.

ಸೋಮವಾರ ನೀನು ಏನು ಮಾಡುತ್ತೀಯೋ ನನಗೆ ಗೊತ್ತಿಲ್ಲ. ಬಿಡುಗಡೆ ಮುಂದಕ್ಕೆ ಹಾಕಬಹುದು. ನನ್ನ ಹೆಸರು ತೆಗೆಯಬಹುದು, ತೆಗೆದರೆ ಯಾಕೆಂದು ನಾನು ಕೇಳುವುದಿಲ್ಲ. ನಾನಂತೂ ಆ ಸಭೆಯಲ್ಲಿ ಇರುತ್ತೇನೆ. ಹದಿನೇಳನೇ ಪುಟ ಪರದೆಯ ಮೇಲೆ ಬಂದರೆ ಎದ್ದು ನಿಂತು ನಿಜ ಹೇಳುತ್ತೇನೆ. ಆದರೆ ನಲವತ್ತು ಶಾಲೆಗಳಿಗೆ ಗೊತ್ತಾಗುವ ಮೊದಲು ನಿನಗೆ ಗೊತ್ತಾಗಬೇಕಿತ್ತು. ಮಹದೇವಯ್ಯ ಮೇಷ್ಟ್ರ ಕೋಣೆಯಲ್ಲಿ ನೀನು ಯಾಕೆ ಸುಮ್ಮನಿದ್ದೆ ಎಂದು ಕೇಳುವ ಹಕ್ಕು ನನಗಿನ್ನೂ ಇದೆ ಎಂದುಕೊಂಡಿದ್ದೇನೆ. ಅದನ್ನು ಇವತ್ತು ಕೇಳುವುದಿಲ್ಲ. ಇವತ್ತಿನ ಲೆಕ್ಕ ನನ್ನದು.

ಈ ಲಕೋಟೆಯನ್ನು ನಿನ್ನ ಗೇಟಿನ ಡಬ್ಬಕ್ಕೆ ಹಾಕಿ, ಬೆಲ್ ಒತ್ತಿ, ಮೆಟ್ಟಿಲ ಮೇಲೆ ಕೂರುತ್ತೇನೆ. ಬೆಳಗಿನಿಂದ ಒಂದು ಕಡೆ ನಿಂತವಳಲ್ಲ ನಾನು, ನಿನಗೆ ಗೊತ್ತು. ನೀನು ಇದನ್ನು ಒಂದು ಸಲ ಓದು, ಬೇಕಾದರೆ ಎರಡು ಸಲ ಓದು. ಬೇಗ ಬಾ ಎಂದು ಕೇಳುವುದಿಲ್ಲ. ಬೈಯಲು ಬಂದರೂ ಬಾ. ಬಾಗಿಲು ತೆರೆಯದೆ ದೀಪ ಆರಿಸಿದರೆ ಅದೂ ಒಂದು ಉತ್ತರವೇ, ತೆಗೆದುಕೊಂಡು ಹೋಗುತ್ತೇನೆ. ಅಲ್ಲಿಯವರೆಗೆ ಏಳುವುದಿಲ್ಲ.

ನಿನ್ನ ಕೆಲಸಕ್ಕೆ ಒಳ್ಳೆಯದಾಗಲಿ, ನಿಮ್ಮವ್ವನ ಕಣ್ಣಿಗೆ ದೇವರು ಬೆಳಕು ಕೊಡಲಿ.

ನಿನ್ನ ಹೊಸ್ತಿಲಾಚೆ ಕೂತಿರುವ,
ಸಿದ್ದೀಕಾ